ಇಲ್ಲದ ದ್ವೀಪದ ರೈಲು, ಪಾದ್ರಿಮನೆಯ ಹಿತ್ತಿಲು

ಇಂಗ್ಲೆಂಡಿನ ಚರ್ಚಿನಲ್ಲಿ ಒಂದು ಬಿಷಪ್ ಪದವಿಯಿದೆ. ಅದರ ಹೆಸರು 'ಸೋಡೋರ್ ಮತ್ತು ಮ್ಯಾನ್'. ಮ್ಯಾನ್ ಎಲ್ಲಿದೆ ಅಂತ ಯಾರು ಬೇಕಾದರೂ ತೋರಿಸಿಯಾರು. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ ಒಂಟಿಯಾಗಿ ಕೂತಿರುವ ದ್ವೀಪ ಅದು. ಸೋಡೋರ್ ಎಲ್ಲಿ? ಭೂಪಟ ಹರವಿಕೊಂಡು ಬೆರಳಿಟ್ಟು ಹುಡುಕಿದೆ. ಅಟ್ಲಾಸಿನ ಕೊನೆಯ ಪುಟಗಳಲ್ಲಿರುವ ಊರಪಟ್ಟಿ ನೋಡಿದೆ. ಇಲ್ಲ! ನೂರಾರು ವರ್ಷಗಳಿಂದ ಒಬ್ಬರಾದ ಮೇಲೊಬ್ಬರು ಬಿಷಪ್ಪರು ಆ ಹೆಸರನ್ನು ಹೊತ್ತುಕೊಂಡು ಬಂದಿದ್ದಾರೆ. ಆ ಹೆಸರಿನ ನೆಲ ಮಾತ್ರ ಎಲ್ಲೂ ಇಲ್ಲ.

ಕಥೆ ಹೀಗೆ. ಒಂದು ಕಾಲಕ್ಕೆ ಆ ಕಡಲನ್ನೆಲ್ಲ ಆಳುತ್ತಿದ್ದವರು ನಾರ್ವೆಯ ಜನ. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಹೆಬ್ರಿಡೀಸ್ ದ್ವೀಪಗಳು ಅವರ ಪಾಲಿಗೆ 'ದಕ್ಷಿಣದ ದ್ವೀಪಗಳು'. ಅವರ ಭಾಷೆಯಲ್ಲಿ ಸುದ್ರೆಯಾರ್. ಅದೇ ಲ್ಯಾಟಿನ್ನಿನ ಬಾಯಲ್ಲಿ ಸವೆದು ಸವೆದು ಸೋಡೋರ್ ಆಯಿತು. ಮುಂದೆ ಆ ದ್ವೀಪಗಳು ಸ್ಕಾಟ್ಲೆಂಡಿನ ಪಾಲಾದವು. ನೆಲ ಹೋಯಿತು, ಬಿಷಪ್ಪರ ಹೆಸರಿನಲ್ಲಿ ಊರು ಉಳಿಯಿತು.

ಈಗ ಕೇಳಿ. 1950ರ ಸುಮಾರಿಗೆ ಒಬ್ಬ ಹಳ್ಳಿ ಪಾದ್ರಿ ಮ್ಯಾನ್ ದ್ವೀಪಕ್ಕೆ ಹೋದರು. ಅವರ ತಲೆಯೊಳಗೆ ಆಗಲೇ ಒಂದು ರೈಲುಮಾರ್ಗ ಓಡುತ್ತಿತ್ತು. ಎಂಜಿನ್‌ಗಳಿದ್ದವು, ಸ್ಟೇಷನ್ನುಗಳಿದ್ದವು, ಸುರಂಗವಿತ್ತು. ಆದರೆ ಆ ರೈಲು ಎಲ್ಲಿ ಓಡುತ್ತದೆ ಎನ್ನುವುದಕ್ಕೆ ಒಂದು ಊರಿರಲಿಲ್ಲ. ಮಕ್ಕಳು ಸುಮ್ಮನಿರುತ್ತಾರೆಯೇ? ಪುಸ್ತಕ ಓದಿ ಕಾಗದ ಬರೆದು ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಿದ್ದರು. ಪಾದ್ರಿಯ ಕಣ್ಣಿಗೆ 'ಸೋಡೋರ್ ಮತ್ತು ಮ್ಯಾನ್' ಎಂಬ ಹೆಸರು ಬಿತ್ತು. ಮ್ಯಾನ್ ಇದೆ, ಸೋಡೋರ್ ಇಲ್ಲ. ಹಾಗಾದರೆ ಸೋಡೋರ್ ನನ್ನದೇ ಇರಲಿ! ಮ್ಯಾನ್ ದ್ವೀಪಕ್ಕೂ ಇಂಗ್ಲೆಂಡಿನ ಬ್ಯಾರೋ ಪಟ್ಟಣಕ್ಕೂ ನಡುವೆ ಖಾಲಿ ಬಿದ್ದಿದ್ದ ಸಮುದ್ರದಲ್ಲಿ ಅವರು ಒಂದು ದ್ವೀಪವನ್ನು ಎಬ್ಬಿಸಿ ನಿಲ್ಲಿಸಿದರು. ತಮ್ಮ ಜಾರ್ಜ್ ಲಂಡನ್ನಿನಲ್ಲಿ ಗ್ರಂಥಪಾಲಕ. ಅಣ್ಣತಮ್ಮ ಇಬ್ಬರೂ ಸೇರಿ ಆ ದ್ವೀಪಕ್ಕೆ ಬೆಟ್ಟ, ಹೊಳೆ, ಭಾಷೆ, ಇತಿಹಾಸ, ಕೊನೆಗೆ ಸಂತರನ್ನೂ ಕೊಟ್ಟರು.

ಆ ಪಾದ್ರಿ ವಿಲ್ಬರ್ಟ್ ಆಡ್ರಿ. ಆ ದ್ವೀಪದ ನೀಲಿ ಎಂಜಿನ್ ಥಾಮಸ್. ಹೌದು, ನಮ್ಮ ಮನೆಮನೆಯ ಮಕ್ಕಳು ಟಿವಿಯಲ್ಲಿ ನೋಡಿ ಕುಣಿಯುವ, ಮುಖವಿರುವ, ಕಣ್ಣು ಹೊರಳಿಸುವ ಅದೇ ಥಾಮಸ್! ಚರ್ಚಿನ ಹಳೇ ದಫ್ತರದಲ್ಲಿ ಅನಾಥವಾಗಿ ಬಿದ್ದಿದ್ದ ಒಂದು ಹೆಸರನ್ನು ಪಾದ್ರಿಯಲ್ಲದೆ ಇನ್ನಾರು ಎತ್ತಿಕೊಂಡಾರು? ಇದು ತಿಳಿದ ದಿನದಿಂದ ನನಗೆ ನಿದ್ದೆ ಸರಿಯಾಗಿ ಹತ್ತಿಲ್ಲ. ಎಳೆ ಹಿಡಿದು ಎಳೆದಷ್ಟೂ ಇನ್ನೊಬ್ಬ ಪಾದ್ರಿ, ಇನ್ನೊಂದು ಎಂಜಿನ್ ಹೊರಬರುತ್ತಲೇ ಇದೆ.

ಮೊದಲು ಆಡ್ರಿಯವರ ಮನೆಗೇ ಹೋಗೋಣ. ಯುದ್ಧದ ಕಾಲ, 1942-43ರ ಸುಮಾರು. ಬರ್ಮಿಂಗ್‌ಹ್ಯಾಮ್ ಹತ್ತಿರದ ಕಿಂಗ್ಸ್ ನಾರ್ಟನ್‌ನಲ್ಲಿ ಆಡ್ರಿ ಸಹಾಯಕ ಪಾದ್ರಿ. ಯುದ್ಧವೇ ಬೇಡ ಎನ್ನುವ ಮನುಷ್ಯ. ಆ ನಂಬಿಕೆಗಾಗಿ ಹಿಂದಿದ್ದ ಕೆಲಸ ಕಳೆದುಕೊಂಡು ಇಲ್ಲಿಗೆ ಬಂದಿದ್ದವರು. ಮಗ ಕ್ರಿಸ್ಟೋಫರನಿಗೆ ದಡಾರ ಎದ್ದಿತ್ತು. ಕತ್ತಲು ಕೋಣೆಯಲ್ಲಿ ಮಲಗಿದ ಪುಟ್ಟ ಮಗುವಿಗೆ ಹೊತ್ತು ಹೋಗಬೇಡವೇ? ಅಪ್ಪ ಒಂದು ಕಥೆ ಹೇಳಿದರು. ಷೆಡ್ಡಿನಲ್ಲಿ ಮೂಲೆಗುಂಪಾಗಿದ್ದ ಎಡ್ವರ್ಡ್ ಎಂಬ ಹಳೇ ಎಂಜಿನ್ನಿನ ಕಥೆ. ಮಗು ಮತ್ತೆ ಹೇಳು ಎಂದಿತು. ಹೇಳಿದರು. ಮತ್ತೆ ಹೇಳು. ಎರಡನೇ ಸಲ, ಮೂರನೇ ಸಲ ಹೇಳುವಾಗ ಒಂದು ಮಾತು ಹೆಚ್ಚುಕಮ್ಮಿ ಆದರೂ 'ಹಾಗಲ್ಲಪ್ಪಾ, ಹೀಗೆ' ಅಂತ ಮಲಗಿದಲ್ಲಿಂದಲೇ ತಿದ್ದುಪಡಿ! ಮಕ್ಕಳಿಗೆ ಕಥೆ ಹೇಳಿದ ಯಾರಿಗೆ ಇದು ಗೊತ್ತಿಲ್ಲ? ಕಡೆಗೆ ಅಪ್ಪ ಚರ್ಚಿನ ಹಳೇ ಸುತ್ತೋಲೆಗಳನ್ನು ಮಗುಚಿ, ಖಾಲಿ ಬದಿಯಲ್ಲಿ ಕಥೆ ಬರೆದಿಟ್ಟುಕೊಂಡರು. ಆ ಕಾಗದಗಳು ಪುಸ್ತಕವಾಗಬೇಕು ಎಂದು ಪಟ್ಟು ಹಿಡಿದವರು ಹೆಂಡತಿ ಮಾರ್ಗರೆಟ್. 1945ರಲ್ಲಿ ಲೆಸ್ಟರ್ ಪಟ್ಟಣದ ಎಡ್ಮಂಡ್ ವಾರ್ಡ್ ಎಂಬ ಪ್ರಕಾಶಕರು 'ಮೂರು ರೈಲು ಎಂಜಿನ್‌ಗಳು' ಎಂಬ ಪುಟ್ಟ ಪುಸ್ತಕ ತಂದರು.

ಆ ಮೊದಲ ಪುಸ್ತಕದಲ್ಲಿ ಥಾಮಸ್ ಇಲ್ಲವೇ ಇಲ್ಲ! ಅವನು ಹುಟ್ಟಿದ್ದು ಮರದ ಚೂರಿನಲ್ಲಿ. ಕ್ರಿಸ್‌ಮಸ್ಸಿಗೆ ಮಗನಿಗೆ ಆಟಿಕೆ ಕೊಳ್ಳೋಣವೆಂದರೆ ಯುದ್ಧಕಾಲದ ಅಂಗಡಿಯಲ್ಲಿ ಏನೂ ಇರಲಿಲ್ಲ. ಅಪ್ಪ ಪೊರಕೆಯ ಕೋಲು ಕತ್ತರಿಸಿ ಬಾಯ್ಲರು ಮಾಡಿದರು, ಮರದ ತುಂಡುಗಳಿಗೆ ಬಣ್ಣ ಬಳಿದರು. ಆ ಪುಟ್ಟ ಎಂಜಿನ್ನಿಗೆ ಥಾಮಸ್ ಎಂದು ಹೆಸರಾಯಿತು. ಇವನ ಕಥೆಯನ್ನೂ ಹೇಳು ಎಂದು ಮಗ ಕೇಳಿದ್ದಕ್ಕೆ 1946ರ ಪುಸ್ತಕ. ಮೊದಲನೆಯದೂ ಸೇರಿ 1972ರವರೆಗೆ ಆಡ್ರಿ 26 ಪುಸ್ತಕ ಬರೆದರು. ಆಮೇಲೆ ಬರವಣಿಗೆ ಮುಂದುವರಿಸಿದ್ದು ಯಾರು? ಅದೇ ದಡಾರದ ಕ್ರಿಸ್ಟೋಫರ್! 1983ರಿಂದ ಬರೆಯುತ್ತ ಹೋಗಿ ಮಾಲೆಯನ್ನು 42 ಪುಸ್ತಕಗಳಿಗೆ ಮುಟ್ಟಿಸಿದರು.

ಅಪ್ಪನಿಂದ ಮಗನಿಗೆ. ಈ ಮಾತು ನನ್ನ ಕಿವಿಯಲ್ಲಿ ಗುಂಯ್‌ಗುಡತೊಡಗಿದ್ದು ಇಲ್ಲಿಂದಲೇ. ಹಿಂದಕ್ಕೆ ಹೋಗಿ ನೋಡಿದರೆ ವಿಲ್ಬರ್ಟರ ಅಪ್ಪ ವಿಯರ್ ಆಡ್ರಿ ಕೂಡ ಪಾದ್ರಿ, ಅವರೂ ರೈಲಿನ ಹುಚ್ಚರು. ಹ್ಯಾಂಪ್‌ಶೈರಿನ ಆಂಪ್‌ಫೀಲ್ಡ್ ಎಂಬ ಹಳ್ಳಿಯ ಪಾದ್ರಿಮನೆಯ ತೋಟದಲ್ಲಿ ಅವರು 40 ಗಜ ಉದ್ದದ ಆಟಿಕೆ ರೈಲುಮಾರ್ಗ ಹಾಕಿದ್ದರು. 1911ರಲ್ಲಿ ಹುಟ್ಟಿದ ವಿಲ್ಬರ್ಟ್ ಅಂಬೆಗಾಲಿಟ್ಟದ್ದೇ ಆ ಹಳಿಗಳ ಪಕ್ಕದಲ್ಲಿ. ಅಪ್ಪ ಮಗನ ಕೈಹಿಡಿದು ನಿಜವಾದ ರೈಲುಹಳಿಯ ಬದಿಗೆ ಕರೆದುಕೊಂಡು ಹೋಗುತ್ತಿದ್ದರು. ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ನರ ಜೊತೆ ನಿಂತು ಸುಖದುಃಖ ಮಾತಾಡುತ್ತಿದ್ದರು. ರೈಲ್ವೆಯ ಕೆಲಸಗಾರರೂ ಅವರ ಪಾಲಿಗೆ ತಮ್ಮ ಚರ್ಚಿಗೆ ಸೇರಿದ ಜನವೇ.

ಮುಂದೆ ಕುಟುಂಬ ವಿಲ್ಟ್‌ಶೈರಿನ ಬಾಕ್ಸ್ ಎಂಬ ಊರಿಗೆ ಬಂತು. ಅವರ ಮನೆಯಿಂದ ಇನ್ನೂರು ಗಜ ದೂರದಲ್ಲೇ ಬಾಕ್ಸ್ ಸುರಂಗದ ಪಶ್ಚಿಮದ ಬಾಯಿ. ಬ್ರುನೆಲ್ ಎಂಬ ಮಹಾ ಎಂಜಿನಿಯರು ಬೆಟ್ಟ ಕೊರೆದು ಮಾಡಿದ, 1841ರಲ್ಲಿ ತೆರೆದ, ಸುಮಾರು ಮೂರು ಕಿಲೋಮೀಟರಿನ ಸುರಂಗ. ಒಳಗೆ ನೂರಕ್ಕೆ ಒಂದರ ಏರು. ಭಾರದ ಗೂಡ್ಸ್ ಗಾಡಿಗಳು ಒಂದೇ ಎಂಜಿನ್ನಿನಲ್ಲಿ ಹತ್ತಲಾರವು. ಹಿಂದಿನಿಂದ ನೂಕಲು ಇನ್ನೊಂದು ಎಂಜಿನ್ ಹಚ್ಚಬೇಕು. ಸಕಲೇಶಪುರದ ಘಾಟಿಯಲ್ಲೋ ಕ್ಯಾಸಲ್ ರಾಕ್ ಇಳಿಜಾರಿನಲ್ಲೋ ಬ್ಯಾಂಕರ್ ಎಂಜಿನ್ನಿನ ಏದುಸಿರು ಕೇಳಿದವರಿಗೆ ನಾನು ಹೇಳುವುದು ಥಟ್ಟನೆ ಅರ್ಥವಾದೀತು. ರಾತ್ರಿ ಹಾಸಿಗೆಯಲ್ಲಿ ಮಲಗಿದ ಹುಡುಗ ಕೇಳಿಸಿಕೊಳ್ಳುತ್ತಾನೆ. ಮೊದಲು ಸೀಟಿ, ಅದಕ್ಕೆ ಹಿಂದಿನಿಂದ ಮರುಸೀಟಿ. ಆಮೇಲೆ ಮುಂದಿನ ಎಂಜಿನ್ನಿನ ಭಾರವಾದ ಉಸಿರು: ನನ್ನ ಕೈಲಾಗೋಲ್ಲ, ಕೈಲಾಗೋಲ್ಲ. ಹಿಂದಿನ ಎಂಜಿನ್ನಿನ ಉತ್ತರ: ಆಗುತ್ತೆ, ಆಗುತ್ತೆ, ನಡಿ. ಆ ಹುಡುಗನಿಗೆ ಅದು ಬರೀ ಸದ್ದಾಗಿರಲಿಲ್ಲ, ಎರಡು ಜೀವಗಳ ಮಾತುಕತೆ. ಎಂಜಿನ್‌ಗಳು ಮಾತಾಡುತ್ತವೆ ಎಂದು ಅವನಿಗೆ ಅಂದೇ ಖಾತ್ರಿಯಾಯಿತು. ಎರಡು ದಶಕ ದಾಟಿದ ಮೇಲೆ ದಡಾರ ಎದ್ದ ಮಗುವಿನ ಮಂಚದ ಬಳಿ ಕೂತಾಗ ಬಾಯಿಗೆ ಬಂದದ್ದು ಅದೇ ಮಾತುಕತೆ.

ಆ ಕಥೆಗಳನ್ನು ಈಗ ದೊಡ್ಡವನಾಗಿ ಓದಿದರೆ ಮೈ ಜುಮ್ಮೆನ್ನುತ್ತದೆ. ಹೆನ್ರಿ ಎಂಬ ಎಂಜಿನ್ ಮಳೆಗೆ ಬಣ್ಣ ಕೆಡುತ್ತದೆಂದು ಸುರಂಗದಿಂದ ಹೊರಗೇ ಬರುವುದಿಲ್ಲ. ಜಂಬಕ್ಕೆ ಶಿಕ್ಷೆ: ಸುರಂಗದೊಳಗೇ ಗೋಡೆ ಕಟ್ಟಿ ಅವನನ್ನು ನಿಲ್ಲಿಸಿಬಿಡುತ್ತಾರೆ. ಆದರೆ ಇನ್ನೊಂದು ಎಂಜಿನ್ ದಾರಿಯಲ್ಲಿ ಕೆಟ್ಟು ನಿಂತ ದಿನ ಗೋಡೆ ಒಡೆಯುತ್ತಾರೆ, ಹೆನ್ರಿ ಹೊರಬಂದು ಗಾಡಿ ಎಳೆಯುತ್ತಾನೆ, ಮತ್ತೆ ಎಲ್ಲರೊಳಗೊಬ್ಬನಾಗುತ್ತಾನೆ. ತಪ್ಪು, ದಂಡನೆ, ಪಶ್ಚಾತ್ತಾಪ, ಕ್ಷಮೆ. ಆಡ್ರಿಯವರ ದ್ವೀಪದಲ್ಲಿ ತಪ್ಪು ಮಾಡಿದ ಎಂಜಿನ್ನಿಗೆ ಶಿಕ್ಷೆಯುಂಟು, ಗುಜರಿಗೆ ಹಾಕುವುದು ಮಾತ್ರ ಇಲ್ಲ. ಭಾನುವಾರ ಪೀಠದ ಮೇಲೆ ನಿಂತು ಹೇಳುವುದನ್ನೇ ಆ ಮನುಷ್ಯ ಸೋಮವಾರ ಎಂಜಿನ್ನಿನ ಬಾಯಲ್ಲಿ ಹೇಳಿಸುತ್ತಿದ್ದರು. ರೈಲನ್ನೂ ಚರ್ಚನ್ನೂ ಬೈಯುವವರು ಬೇಕಾದಷ್ಟಿದ್ದಾರೆ, ಆದರೆ ಮನುಷ್ಯನನ್ನು ಅವನ ಕಡೆಯ ಊರಿಗೆ ತಲುಪಿಸುವುದು ಇವೆರಡೇ ಎಂಬರ್ಥದ ಮಾತನ್ನು ಅವರು ಆಡುತ್ತಿದ್ದರಂತೆ.

ಹಾಗಂತ ಅವರದು ಬರೀ ಕಲ್ಪನೆಯಲ್ಲ. ನಿಜವಾದ ರೈಲ್ವೆಯಲ್ಲಿ ಎಲ್ಲಾದರೂ ನಡೆದಿರದ ಸಂಗತಿ ತಮ್ಮ ಕಥೆಗೆ ಬೇಡ ಎನ್ನುವ ಹಟ ಅವರದು. ಹೆನ್ರಿ ಮೀನಿನ ಗಾಡಿ ಎಳೆಯುವ ಕಥೆಯಲ್ಲಿ ಹಿಮ ಕಟ್ಟಿದ ಕೈಮರದಿಂದ ಅಪಘಾತವಾಗುತ್ತದೆ. 1876ರ ಜನವರಿ 21ರಂದು ಗ್ರೇಟ್ ನಾರ್ದರ್ನ್ ರೈಲ್ವೆಯ ಆಬಟ್ಸ್ ರಿಪ್ಟನ್ ಎಂಬಲ್ಲಿ ನಡೆದದ್ದೂ ಇದೇ. ಆಗಿನ ಕೈಮರದ ತೋಳು ಕಂಬದ ಸೀಳಿನೊಳಗೆ ಆಡುತ್ತಿತ್ತು. ಸೀಳಿನಲ್ಲಿ ಹಿಮ ತುಂಬಿ ಹೆಪ್ಪುಗಟ್ಟಿತು. ಕ್ಯಾಬಿನ್ನಿನವನು ಸನ್ನೆಗೋಲು ಎಳೆದರೂ ತೋಳು ಮೇಲೇಳಲಿಲ್ಲ. 'ದಾರಿ ಸರಾಗ' ಎನ್ನುತ್ತಲೇ ಇತ್ತು. ಎಕ್ಸ್‌ಪ್ರೆಸ್ ಗಾಡಿ ಕಲ್ಲಿದ್ದಲ ಗಾಡಿಗೆ ಬಡಿಯಿತು, ಆ ಭಗ್ನಾವಶೇಷಕ್ಕೆ ಎದುರಿನಿಂದ ಬಂದ ಇನ್ನೊಂದು ಎಕ್ಸ್‌ಪ್ರೆಸ್ ಬಡಿಯಿತು. ಅಲ್ಲಿಯವರೆಗೆ ಕೈಮರದ ವಾಡಿಕೆಯ ಭಂಗಿ 'ಹೋಗು' ಎಂದಿತ್ತು. ಆ ದುರಂತದ ನಂತರ 'ನಿಲ್ಲು' ಎಂದಾಯಿತು. ನಾಲ್ಕು ವರ್ಷದ ಮಗುವಿನ ಕಥೆಪುಸ್ತಕದೊಳಗೆ ಸಿಗ್ನಲ್ ಚರಿತ್ರೆಯ ಇಷ್ಟು ದೊಡ್ಡ ತಿರುವು ಅಡಗಿ ಕೂತಿದೆ!

ವೇಲ್ಸಿನ ಟಾಲಿಲಿನ್ ರೈಲ್ವೆಗೆ ಬನ್ನಿ. ಬೆಟ್ಟದ ಗಣಿಯಿಂದ ಸ್ಲೇಟು ಕಲ್ಲು ಇಳಿಸಲು 1866ರಲ್ಲಿ ಶುರುವಾದ, ಹಳಿಗಳ ನಡುವೆ ಎರಡೂಕಾಲು ಅಡಿ ಮಾತ್ರ ಅಂತರವಿರುವ ಪುಟಾಣಿ ಮಾರ್ಗ. ಗಣಿ ಮುಚ್ಚಿತು, ಮಾಲೀಕರು 1950ರಲ್ಲಿ ತೀರಿಕೊಂಡರು, ಮಾರ್ಗದ ಕಥೆ ಮುಗಿಯಿತು ಎನ್ನುವಾಗ ಊರೂರಿನ ಅಭಿಮಾನಿಗಳು ಸೇರಿ, ಸಂಬಳವಿಲ್ಲದೆ ತಾವೇ ದುಡಿದು 1951ರಲ್ಲಿ ಗಾಡಿ ಓಡಿಸಿದರು. ಜನ ತಮ್ಮ ಕೈಯಾರೆ ಉಳಿಸಿಕೊಂಡ ಜಗತ್ತಿನ ಮೊದಲ ರೈಲುಮಾರ್ಗ ಇದು. ಮರುವರ್ಷ ರಜೆಗೆ ಸಂಸಾರ ಸಮೇತ ಬಂದ ಆಡ್ರಿ ಅಲ್ಲಿ ಗಾರ್ಡ್ ಆದರು. ಕೈಯಲ್ಲಿ ಹಸಿರು ಬಾವುಟ, ಬಾಯಲ್ಲಿ ಸೀಟಿ. ಒಂದು ದಿನ ಕೊನೆಯ ಸ್ಟೇಷನ್ನಿನಲ್ಲಿ ಸೀಟಿ ಊದಿದರು, ಬಾವುಟ ಬೀಸಿದರು, ಗಾಡಿ ಹೊರಟಿತು. ಚಹಾ-ತಿಂಡಿ ಮಾರುವ ಹೆಂಗಸು ಪ್ಲಾಟ್‌ಫಾರಂನಲ್ಲೇ ಉಳಿದುಬಿಟ್ಟಿದ್ದರು! ಆ ಸಂಗತಿಯೂ ನೇರ ಪುಸ್ತಕಕ್ಕೆ ಬಂತು. ಇವತ್ತಿಗೂ ಆ ಮಾರ್ಗದ ಟವಿನ್ ಸ್ಟೇಷನ್ನಿನ ಮ್ಯೂಸಿಯಮ್ಮಿನಲ್ಲಿ ಆಡ್ರಿಯವರ ಓದುಕೋಣೆಯನ್ನು ಇದ್ದ ಹಾಗೇ ಜೋಡಿಸಿಟ್ಟಿದ್ದಾರೆ. ಪಾದ್ರಿಯೊಬ್ಬರ ಓದುಕೋಣೆ, ರೈಲ್ವೆ ಸ್ಟೇಷನ್ನಿನಲ್ಲಿ.

ಊಟಿಯ ರೈಲು ಹತ್ತಿದವರಿಗೆ ಇಲ್ಲೊಂದು ಮಾತು. ಆಡ್ರಿ 1964ರಲ್ಲಿ ಬೆಟ್ಟದ ಎಂಜಿನ್‌ಗಳ ಕಥೆ ಬರೆದರು. ಅದಕ್ಕೆ ಮಾದರಿ ವೇಲ್ಸಿನ ಸ್ನೋಡನ್ ಬೆಟ್ಟದ ರೈಲು. ಎರಡು ಹಳಿಗಳ ನಡುವೆ ಹಲ್ಲುಪಟ್ಟಿ, ಅದನ್ನು ಕಚ್ಚಿ ಹತ್ತುವ ಹಲ್ಲುಚಕ್ರ. ಈ ವಿಧಾನ ಕಂಡುಹಿಡಿದವರು ರೋಮನ್ ಆಬ್ಟ್ ಎಂಬ ಸ್ವಿಸ್ ಎಂಜಿನಿಯರು. ಮೆಟ್ಟುಪಾಳ್ಯದಿಂದ ಕೂನೂರಿಗೆ ನಮ್ಮನ್ನು ಹತ್ತಿಸುವುದೂ ಅದೇ ಹಲ್ಲುಪಟ್ಟಿ. ಸ್ನೋಡನ್ನಿಗೂ ನೀಲಗಿರಿಗೂ ಎಂಜಿನ್ ಮಾಡಿಕೊಟ್ಟದ್ದು ಸ್ವಿಟ್ಜರ್‌ಲೆಂಡಿನ ವಿಂಟರ್‌ಥೂರಿನ ಒಂದೇ ಕಾರ್ಖಾನೆ. ಪಾದ್ರಿಯ ಕಥೆಯಲ್ಲಿನ ಎಂಜಿನ್ನಿನ ಒಡಹುಟ್ಟುಗಳು ಓಡಿಸಿದ ಗಾಡಿಯಲ್ಲಿ ಕೂತು ನಾವು ಊಟಿಗೆ ಹೋಗಿಬಂದಿದ್ದೇವೆ, ನಮಗೇ ಗೊತ್ತಿಲ್ಲದೆ.

ಆಡ್ರಿಯವರ 1967ರ ಪುಸ್ತಕದಲ್ಲಿ ಇಬ್ಬರು ಪಾದ್ರಿಗಳು ಬರುತ್ತಾರೆ, ಒಬ್ಬರು ಸಣಕಲು, ಒಬ್ಬರು ದಡೂತಿ. ಸಣಕಲು ಪಾದ್ರಿ ಸ್ವತಃ ಆಡ್ರಿ. ದಡೂತಿ ಪಾದ್ರಿ ಯಾರೆಂದು ಹುಡುಕಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಅವರು ಟೆಡ್ಡಿ ಬಾಸ್ಟನ್, ಲೆಸ್ಟರ್‌ಶೈರಿನ ಕೇಡ್ಬಿ ಎಂಬ ಹಳ್ಳಿಯ ಪಾದ್ರಿ. 1962ರಲ್ಲಿ ಕಬ್ಬಿಣದ ಅದಿರಿನ ಗಣಿಯೊಂದರಿಂದ ಒಂದು ಉಗಿ ಎಂಜಿನ್ ಕೊಂಡು ಮನೆಗೆ ತಂದರು. ಮನೆಗೆ! 1919ರಲ್ಲಿ ತಯಾರಾದ, 'ಪಿಕ್ಸಿ' ಎಂಬ ಹೆಸರಿನ, ಕಲ್ಲಿದ್ದಲು ತಿಂದು ನಿಜವಾದ ಉಗಿ ಬಿಡುವ ಎಂಜಿನ್. ಪಾದ್ರಿಮನೆಯ ತೋಟದಲ್ಲಿ ಎರಡಡಿ ಅಂತರದ ಹಳಿ ಬಿತ್ತು. ಉದ್ದ ನೂರು ಗಜದ ಆಸುಪಾಸು, ಅಷ್ಟೇ. ಒಂದು ತುದಿಯಲ್ಲಿ ಹೊರಟೆವು ಎನ್ನುವಷ್ಟರಲ್ಲಿ ಇನ್ನೊಂದು ತುದಿ. ಆದರೂ ಜನ ಬಂದರು, ಮಕ್ಕಳು ಬಂದರು, ಹಾದಿ ಸವೆಯುವಷ್ಟು ಬಂದರು. ಜೊತೆಗೆ ಉಗಿಯ ರೋಡ್ ರೋಲರು, ಷೆಡ್ಡಿನ ತುಂಬ ಆಟಿಕೆ ರೈಲು. 1986ರಲ್ಲಿ ಬಾಸ್ಟನ್ ತೀರಿಕೊಂಡ ಮೇಲೂ ಹೆಂಡತಿ ಮತ್ತು ಗೆಳೆಯರು ಆ ನೂರು ಗಜದ ರೈಲ್ವೆಯನ್ನು 2005ರವರೆಗೆ ಉಳಿಸಿಕೊಂಡರು.

ಮತ್ತೆ ಲೆಸ್ಟರ್! 1841ರ ಜುಲೈ 5ರಂದು ಸುಮಾರು ಐನೂರು ಜನರನ್ನು ತಲೆಗೆ ಒಂದು ಶಿಲ್ಲಿಂಗಿಗೆ ವಿಶೇಷ ರೈಲಿನಲ್ಲಿ ಲಫ್‌ಬರೋಗೆ, ಪಾನನಿಷೇಧದ ಸಭೆಗೆ, ಕರೆದುಕೊಂಡು ಹೋದ ಥಾಮಸ್ ಕುಕ್ ಹೊರಟದ್ದು ಅದೇ ಲೆಸ್ಟರಿನಿಂದ. ಪ್ರವಾಸ ಉದ್ಯಮವನ್ನೇ ಹುಟ್ಟಿಸಿದ ಆ ಮನುಷ್ಯ ಮೊದಲು ಬ್ಯಾಪ್ಟಿಸ್ಟ್ ಪಂಗಡದ ಪ್ರಚಾರಕನಾಗಿ ಹಳ್ಳಿಹಳ್ಳಿ ನಡೆದು ಸುತ್ತಿದವರು.

ಇನ್ನು ಎರಿಕ್ ಟ್ರೇಸಿ. ಇವರು ಹಳ್ಳಿ ಪಾದ್ರಿಯಲ್ಲ, ವೇಕ್‌ಫೀಲ್ಡಿನ ಬಿಷಪ್ಪರು. 1930ರ ದಶಕದಲ್ಲಿ ಲಿವರ್‌ಪೂಲಿನ ಎಜ್ ಹಿಲ್‌ನಲ್ಲಿ ಪಾದ್ರಿಯಾಗಿದ್ದಾಗ ಪಕ್ಕದಲ್ಲೇ ದೊಡ್ಡ ಲೋಕೋ ಷೆಡ್. ಡ್ರೈವರುಗಳು, ಫೈರ್‌ಮನ್ನರು, ಮಸಿ ಮೆತ್ತಿದ ಮುಖಗಳು. ಪಾದ್ರಿ ಅವರ ನಡುವೆ ಹೋಗಿ ನಿಂತರು. ಹೆಸರು ಹಿಡಿದು ಕರೆದರು. ಕ್ಯಾಮೆರಾ ಹಿಡಿದು ಹಳಿ ಬದಿಯಲ್ಲಿ ಕಾದರು. ತೆಗೆದ ಚಿತ್ರದ ಪ್ರತಿಯನ್ನು ಆ ಎಂಜಿನ್ ಓಡಿಸಿದವರಿಗೆ ತಂದುಕೊಟ್ಟರು. ಅವರು ಇದಕ್ಕೆ ಕೊಟ್ಟ ಪ್ರತಿಫಲವೇನು ಗೊತ್ತೇ? ದೂರದಲ್ಲಿ ಬಿಳಿ ಕಾಲರಿನ ಮನುಷ್ಯ ಕ್ಯಾಮೆರಾ ಹೂಡಿ ನಿಂತದ್ದು ಕಂಡರೆ ಸಾಕು, ಫೈರ್‌ಮನ್ ಎರಡು ಸಲಿಕೆ ಕಲ್ಲಿದ್ದಲು ಹೆಚ್ಚಿಗೆ ಎಸೆಯುತ್ತಿದ್ದ, ಚಿತ್ರಕ್ಕೆ ಹೊಗೆ ಚೆನ್ನಾಗಿ ಬರಲಿ ಎಂದು! ಟ್ರೇಸಿಯವರ ಚಿತ್ರಗಳಲ್ಲಿ ಮುಗಿಲಿಗೆ ಏರುವ ಆ ಹೊಗೆಯ ಗೋಪುರ ನೋಡಿದಾಗಲೆಲ್ಲ ನನಗೆ ಕಾಣುವುದು ಆ ಸಲಿಕೆಯ ಪ್ರೀತಿ. 12,000ದಷ್ಟು ಚಿತ್ರ ತೆಗೆದರು. ಉತ್ತರ ಇಂಗ್ಲೆಂಡಿನ ಮೂರು ಅದ್ಭುತ ಯಾವುವು ಎಂದರೆ ಯಾರ್ಕಿನ ಮಹಾಚರ್ಚು, ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆ, ಮತ್ತು ಸೆಟಲ್–ಕಾರ್ಲೈಲ್ ರೈಲುಮಾರ್ಗ ಎಂದು ಎಣಿಸುತ್ತಿದ್ದರು ಬಿಷಪ್ಪರು. ಚರ್ಚಿನ ಸಾಲಿನಲ್ಲೇ ರೈಲನ್ನು ಕೂರಿಸಿದರು ನೋಡಿ.

1968ರ ಆಗಸ್ಟಿನಲ್ಲಿ ಬ್ರಿಟಿಷ್ ರೈಲ್ವೆಯ ಮಾಮೂಲಿ ಗಾಡಿಗಳಿಂದ ಉಗಿ ಎಂಜಿನ್ ಹೊರಟುಹೋಯಿತು. ಆಗೊಮ್ಮೆ ಈಗೊಮ್ಮೆ ಅಭಿಮಾನಿಗಳ ವಿಶೇಷ ಗಾಡಿ ಮಾತ್ರ. ಟ್ರೇಸಿ 1976ರಲ್ಲಿ ನಿವೃತ್ತರಾದರು. 1978ರ ಮೇ 13. ಅದೇ ಸೆಟಲ್–ಕಾರ್ಲೈಲ್ ಮಾರ್ಗದ ಆಪಲ್‌ಬಿ ಸ್ಟೇಷನ್. ಬರಬೇಕಾಗಿದ್ದದ್ದು 'ಈವ್ನಿಂಗ್ ಸ್ಟಾರ್', 1960ರಲ್ಲಿ ಬ್ರಿಟಿಷ್ ರೈಲ್ವೆ ಕಟ್ಟಿದ ಕಟ್ಟಕಡೆಯ ಉಗಿ ಎಂಜಿನ್. ಪ್ಲಾಟ್‌ಫಾರಂನಲ್ಲಿ ಅದನ್ನು ಕಾಯುತ್ತ ನಿಂತಿದ್ದ ಬಿಷಪ್ಪರು ಅಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ಮರುವರ್ಷ ಒಂದು ವಿದ್ಯುತ್ ಎಂಜಿನ್ನಿಗೆ ಅವರ ಹೆಸರಿಟ್ಟರು. ಪಾದ್ರಿ ಎಂಜಿನ್‌ಗಳಿಗೆ ಹೆಸರಿಡುತ್ತ ಬಂದ ಕಥೆಯಲ್ಲಿ, ಎಂಜಿನ್ನಿಗೇ ಪಾದ್ರಿಯ ಹೆಸರು.

ಪಾದ್ರಿಗಳಿಗೆ ಯಾಕೆ ಹೀಗೆ ರೈಲಿನ ಹುಚ್ಚು? ವಿಂಚೆಸ್ಟರಿನ ಕ್ಯಾನನ್ ರೋಜರ್ ಲಾಯ್ಡ್ ಎಂಬ ಪಾದ್ರಿ 1951ರಲ್ಲಿ ರೈಲಿನ ಮೋಹದ ಬಗ್ಗೆಯೇ ಒಂದು ಪುಸ್ತಕ ಬರೆದರು. ಚರ್ಚಿಗೆ ಪಂಚಾಂಗವಿದೆ, ರೈಲಿಗೆ ವೇಳಾಪಟ್ಟಿಯಿದೆ. ಅಲ್ಲಿ ಗಂಟೆ, ಇಲ್ಲೂ ಗಂಟೆ. ಅಲ್ಲಿ ನಿಲುವಂಗಿ, ಇಲ್ಲಿ ಸಮವಸ್ತ್ರ. ಸ್ಟೇಷನ್ನಿನ ಕಮಾನುಗಳು ಚರ್ಚಿನ ಕಮಾನುಗಳಂತೆಯೇ ಮೇಲೇರುತ್ತವೆ. ಇಂಥ ಹೋಲಿಕೆ ಯಾರಿಗಾದರೂ ಹೊಳೆದೀತು, ತಪ್ಪೂ ಅಲ್ಲ. ಆದರೆ ನನ್ನ ಮನಸ್ಸು ಒಪ್ಪುವ ಕಾರಣ ಇನ್ನೂ ಹತ್ತಿರದ್ದು, ಮನೆಯೊಳಗಿನದು. ಪ್ರೊಟೆಸ್ಟೆಂಟ್ ಪಾದ್ರಿಗೆ ಮದುವೆಯುಂಟು, ಮಕ್ಕಳುಂಟು. ಚರ್ಚು ಕೊಟ್ಟ ದೊಡ್ಡ ಹಳೇ ಮನೆಯುಂಟು. ಸಂಬಳ ಕಮ್ಮಿ, ಅಟ್ಟ, ಕೊಟ್ಟಿಗೆ, ತೋಟ ಬೇಕಾದಷ್ಟು. ಮುಖ್ಯವಾಗಿ, ಅವನ ಕೆಲಸದ ಜಾಗವೂ ಮನೆಯೇ. ಬೇರೆ ಮಕ್ಕಳ ಅಪ್ಪಂದಿರು ಬೆಳಗ್ಗೆ ಗಿರಣಿಗೋ ಗಣಿಗೋ ಆಫೀಸಿಗೋ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ ಕಾಲದಲ್ಲಿ ಪಾದ್ರಿಯ ಮಗನಿಗೆ ಮಂಗಳವಾರ ಮಧ್ಯಾಹ್ನವೂ ಅಪ್ಪ ಸಿಗುತ್ತಿದ್ದ. ಕೈಹಿಡಿದು ಹಳಿ ಬದಿಗೆ ಹೋಗಲು ಇಬ್ಬರಿಗೂ ಬಿಡುವಿತ್ತು.

ಎಲ್ಲ ಪಾದ್ರಿಗಳೂ ರೈಲನ್ನು ಅಪ್ಪಿಕೊಂಡರೆಂದು ತಿಳಿಯಬೇಡಿ. ಭಾನುವಾರ ಗಾಡಿ ಓಡಿಸುವುದು ಪಾಪವೆಂದು ಸ್ಕಾಟ್ಲೆಂಡಿನಲ್ಲಿ ದೊಡ್ಡ ಕದನವೇ ನಡೆದಿದೆ. 1883ರ ಜೂನ್ 3, ಭಾನುವಾರ, ಸ್ಟ್ರೋಮ್ ಫೆರ್ರಿ ಬಂದರಿನಲ್ಲಿ ರೈಲಿಗೆ ಮೀನು ತುಂಬಲು ಬಿಡೆವೆಂದು ಭಕ್ತ ಬೆಸ್ತರು ಸ್ಟೇಷನ್ನನ್ನೇ ಮುತ್ತಿದ್ದರು. ಆದರೆ ಅದೇ ಕಾಲದಲ್ಲಿ, ಕಾರ್ನ್‌ವಾಲಿನ ಆಲ್ಟರ್ನನ್ ಹಳ್ಳಿಯ ಪಾದ್ರಿ ಎ. ಎಚ್. ಮಲಾನ್ ಭಾರದ ಕ್ಯಾಮೆರಾ ಹೊತ್ತು ಬ್ರುನೆಲ್ಲನ ಏಳಡಿ ಅಂತರದ ಹಳಿಗಳ ಮೇಲೆ ಓಡುವ ಎಂಜಿನ್‌ಗಳ ಚಿತ್ರ ತೆಗೆಯುತ್ತಿದ್ದರು. 1892ರ ಮೇ ತಿಂಗಳ ಒಂದು ವಾರಾಂತ್ಯದಲ್ಲಿ ಸಾವಿರಾರು ಕೂಲಿಗಳು ಸೇರಿ ಆ ಅಗಲ ಹಳಿಯನ್ನು ಕಿರಿದು ಮಾಡಿ ಮುಗಿಸಿದರು. ನಮ್ಮಲ್ಲಿ ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂದದ್ದನ್ನು ಕಂಡಿದ್ದೇವೆ. ಅಲ್ಲಿ ಆದದ್ದು ತಿರುಗಾಮುರುಗಾ. ಆ ಅಗಲದ ಗಾಡಿಗಳು ಹೇಗಿದ್ದವು ಎಂದು ಇಂದು ನೋಡಬೇಕೆಂದರೆ ಮಲಾನರ ಚಿತ್ರಗಳ ಬಳಿ ಹೋಗಬೇಕು. ಪಾದ್ರಿ ಡಬ್ಲ್ಯು. ಜೆ. ಸ್ಕಾಟ್ ಗಡಿಯಾರ ಹಿಡಿದು ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಕೂತು, ಕಿಟಕಿಯಾಚೆ ಹಾದುಹೋಗುವ ಮೈಲಿಗಂಬಗಳನ್ನು ಎಣಿಸಿ ವೇಗ ಬರೆದಿಟ್ಟವರಲ್ಲಿ ಹೆಸರಾದವರು.

ಆ ಕಾಲದ ವೇಗದ ರಾಜ ಯಾವ ಎಂಜಿನ್? ಈಗ ಬರುವುದು ನನ್ನನ್ನು ಪೂರ್ತಿ ಬೆರಗಾಗಿಸಿದ ಸಂಗತಿ. 1870ರಲ್ಲಿ ಡಾಂಕಾಸ್ಟರಿನ ಕಾರ್ಖಾನೆಯಿಂದ ಹೊರಬಂದ 'ಸ್ಟರ್ಲಿಂಗ್ ಸಿಂಗಲ್'. ಅದರ ಓಡಿಸುವ ಚಕ್ರದ ಎತ್ತರ ಎಂಟಡಿಗೂ ಮೇಲು! ಪಕ್ಕದಲ್ಲಿ ನಿಂತರೆ ಆಳು ಕೈಯೆತ್ತಬೇಕು, ಚಕ್ರದ ತುದಿ ಮುಟ್ಟಲು. ಒಂದು ಸುತ್ತು ಸುತ್ತಿದರೆ ಸುಮಾರು ಏಳೂಮುಕ್ಕಾಲು ಮೀಟರು ಮುಂದೆ. 1888ರಲ್ಲೂ 1895ರಲ್ಲೂ ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ರೈಲು ಕಂಪನಿಗಳು ಪಂದ್ಯ ಕಟ್ಟಿ ಗಾಡಿ ಓಡಿಸಿದಾಗ ಇವೂ ಓಡಿದವು. ಮಾಡಿದವರು ಪ್ಯಾಟ್ರಿಕ್ ಸ್ಟರ್ಲಿಂಗ್, ಗ್ರೇಟ್ ನಾರ್ದರ್ನ್ ರೈಲ್ವೆಯ ಎಂಜಿನ್ ವಿಭಾಗದ ಮುಖ್ಯಸ್ಥರು.

ಪ್ಯಾಟ್ರಿಕ್ ಯಾರ ಮಗ? ಸ್ಕಾಟ್ಲೆಂಡಿನ ಗಾಲ್‌ಸ್ಟನ್ ಊರಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗರ ಮಗ!

ಭೌತಶಾಸ್ತ್ರ ಓದಿದವರು ಈ ಹೆಸರು ಕೇಳಿದ್ದೀರಿ. ಬಿಸಿಗಾಳಿಯಿಂದ ಓಡುವ 'ಸ್ಟರ್ಲಿಂಗ್ ಎಂಜಿನ್' ಅವರದೇ. 1816ರಲ್ಲಿ, ಇಪ್ಪತ್ತೈದು-ಇಪ್ಪತ್ತಾರರ ವಯಸ್ಸಿನಲ್ಲಿ, ಪಾದ್ರಿ ದೀಕ್ಷೆಯನ್ನೂ ಎಂಜಿನ್ನಿನ ಪೇಟೆಂಟನ್ನೂ ಒಂದೇ ವರ್ಷ ಪಡೆದ ಪುಣ್ಯಾತ್ಮ. ಆಗಿನ ಉಗಿ ಬಾಯ್ಲರುಗಳು ಸಿಡಿದು ಜನ ಸಾಯುತ್ತಿದ್ದರು. ಬಾಯ್ಲರೇ ಬೇಡದ ಎಂಜಿನ್ ಇವರದು. ಬಿಸಿಗಾಳಿ ಹೋಗುವಾಗ ತನ್ನ ಶಾಖವನ್ನು ದಾರಿಯಲ್ಲಿ ಬಿಟ್ಟುಹೋಗುತ್ತದೆ, ತಣ್ಣಗಾಗಿ ಮರಳುವಾಗ ಅದನ್ನೇ ಎತ್ತಿಕೊಳ್ಳುತ್ತದೆ. 1824ರಲ್ಲಿ ಗಾಲ್‌ಸ್ಟನ್ನಿಗೆ ಬಂದವರು ಅರ್ಧ ಶತಮಾನ ಅದೇ ಊರಿನ ಪಾದ್ರಿಯಾಗಿದ್ದು 1878ರಲ್ಲಿ ತೀರಿಕೊಂಡರು. ಐವರು ಗಂಡುಮಕ್ಕಳು. ಅವರಲ್ಲಿ ನಾಲ್ವರು ರೈಲ್ವೆ ಎಂಜಿನಿಯರಾದರು, ಐದನೆಯವರು ಪಾದ್ರಿಯಾದರು! ಪ್ಯಾಟ್ರಿಕ್‌ರ ಮಗ ಮ್ಯಾಥ್ಯೂ ಕೂಡ ಇನ್ನೊಂದು ರೈಲು ಕಂಪನಿಯ ಎಂಜಿನ್ ಮುಖ್ಯಸ್ಥರಾದರು. ಅಪ್ಪ ಮಾಡಿದ್ದು ಬಾಯ್ಲರಿಲ್ಲದ ಎಂಜಿನ್, ಮಕ್ಕಳು ಕಟ್ಟಿದ್ದು ಬಾಯ್ಲರಿನ ಎಂಜಿನ್. ಆದರೆ ಕಬ್ಬಿಣ ಮತ್ತು ಬೆಂಕಿಯ ಮಾತು ಅವರ ಕಿವಿಗೆ ಮೊದಲು ಬಿದ್ದದ್ದು ಪಾದ್ರಿಮನೆಯ ಊಟದ ಮೇಜಿನಲ್ಲೇ ಇರಬೇಕು. ಆ ಎಂಟಡಿ ಚಕ್ರದ ಮೊದಲ ಎಂಜಿನ್ ಇವತ್ತು ಯಾರ್ಕಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಮ್ಮಿನ ಆಸ್ತಿ. ಟ್ರೇಸಿಯವರ ಚಿತ್ರಗಳ ಭಂಡಾರವೂ ಅದೇ ಮ್ಯೂಸಿಯಮ್ಮಿನದು.

ಇನ್ನೊಬ್ಬ ಅಪ್ಪ-ಮಗನ ಸಂಗತಿ ಹೇಳದೆ ಹೋದರೆ ನನಗೇ ಸಮಾಧಾನವಿಲ್ಲ. ಪೀಟರ್ ಡೆನ್ನಿ, ಕಾರ್ನ್‌ವಾಲಿನಲ್ಲಿದ್ದ ಪಾದ್ರಿ. 1940ರ ದಶಕದ ಕೊನೆಯಲ್ಲಿ ಒಂದು ಆಟಿಕೆ ರೈಲು ಕಟ್ಟಲು ಶುರುಮಾಡಿದರು. ಆಟಿಕೆ ಎಂದರೆ ತಪ್ಪಾದೀತು. 1907ರ ಸುಮಾರಿನ ಇಂಗ್ಲೆಂಡಿನಲ್ಲಿ 'ಬಕಿಂಗ್‌ಹ್ಯಾಮ್'ಗೆ ಇನ್ನೊಂದು ರೈಲುಮಾರ್ಗ ಇದ್ದಿದ್ದರೆ ಹೇಗಿರುತ್ತಿತ್ತೋ ಹಾಗೆ: ಎಂಜಿನ್, ಡಬ್ಬಿ, ಕೈಮರ, ಮನೆ, ಅಂಗಡಿ, ಮನುಷ್ಯರು, ಎಲ್ಲವೂ ಕೈಯಲ್ಲೇ ಮಾಡಿದ್ದು. ಜೀವನವಿಡೀ ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ಓಡಿಸುವುದೂ ನಿಜವಾದ ರೈಲ್ವೆಯ ಕ್ರಮದಲ್ಲೇ. ಒಂದು ಸ್ಟೇಷನ್ನಿನವನು ಗಂಟೆ ಬಾರಿಸಿ ಕೇಳಬೇಕು, ಮುಂದಿನ ಸ್ಟೇಷನ್ನಿನವನು ಗಂಟೆ ಬಾರಿಸಿ ಒಪ್ಪಬೇಕು, ಆಮೇಲೆಯೇ ಗಾಡಿ ಬಿಡುವುದು. ಪ್ಯಾಸೆಂಜರ್ ಗಾಡಿಯಾದರೆ ಮೂರು ಬಡಿತ, ತುಸು ತಡೆದು ಒಂದು.

ಮುಂದಿನ ಸ್ಟೇಷನ್ ಗ್ರ್ಯಾಂಡ್‌ಬರೋ ಜಂಕ್ಷನ್. ಅಲ್ಲಿ ಗಂಟೆಗೆ ಉತ್ತರ ಕೊಡುತ್ತಿದ್ದವನು ಮಗ ಕ್ರಿಸ್ಪಿನ್. ಮಗ ಬೆಳೆದ. ಮನೆ ಬಿಟ್ಟು ಹೋಗುವ ವಯಸ್ಸಾಯಿತು, ಹೋದ. ಗ್ರ್ಯಾಂಡ್‌ಬರೋ ಜಂಕ್ಷನ್ನಿನ ಸ್ಟೂಲು ಖಾಲಿ.

ಪಾದ್ರಿ ಕೂತು ಒಂದು ಯಂತ್ರ ಕಟ್ಟಿದರು. ಗಂಟೆಯ ಬಡಿತವನ್ನು ಕೇಳಿ ಎಣಿಸಿಕೊಂಡು, ತಾನೇ ಮರುಗಂಟೆ ಬಾರಿಸಿ, ಆ ಸ್ಟೇಷನ್ನಿನ ಕೆಲಸವನ್ನು ನಡೆಸಿಕೊಂಡು ಹೋಗುವ ಯಂತ್ರ. ಕಂಪ್ಯೂಟರು ಮನೆಗೆ ಬರುವ ಮೊದಲಿನ ಮಾತು ಇದು. ಅದಕ್ಕೆ ಅವರು ಇಟ್ಟ ಹೆಸರು 'ಆಟೋಮ್ಯಾಟಿಕ್ ಕ್ರಿಸ್ಪಿನ್'.

ಬಕಿಂಗ್‌ಹ್ಯಾಮಿನಲ್ಲಿ ಕೂತ ಅಪ್ಪ ಮೂರು ಸಲ ಬಾರಿಸುತ್ತಾರೆ. ತಡೆದು, ಇನ್ನೊಂದು. ಆ ತುದಿಯಲ್ಲಿ ಯಾರೂ ಇಲ್ಲ. ಅಲ್ಲಿಂದ ಗಂಟೆ ಕೇಳಿಸುತ್ತದೆ.